ಹೂವಿದ್ದೂ ಕಾಯಿ ಕಚ್ಚದ ಹಂಗೇರಿಯ ದ್ರಾಕ್ಷಿ

ಪ್ರಶ್ನೆ: ಮಗ ಹಂಗೇರಿಯಿಂದ ಬರುವಾಗ ‘ಕೇಕ್ನ್ಯೆಲು’ ಎಂಬ ಬಿಳಿ ದ್ರಾಕ್ಷಿಯ ವೈನ್ ತಂದಿದ್ದಾನೆ. ಈ ಬಳ್ಳಿ ಒಂದನ್ನೇ ನೆಟ್ಟರೆ ಕಾಯಿ ಬಿಡುವುದಿಲ್ಲವಂತೆ. ಯಾಕೆ? ಮುಂದಿನ ಸಲ ನಾಲ್ಕು ಕಡ್ಡಿ ತರಿಸಿ ನಮ್ಮ ತಾರಸಿಯಲ್ಲಿ ನೆಡಬಹುದೇ?
– ಓದುಗರು, ಕಿನ್ನಿಮೂಲ್ಕಿ, ಉಡುಪಿ

ಉತ್ತರ: ನಿಮ್ಮ ಮಗ ಕೇಳಿದ್ದು ನಿಜ. ಸಾಮಾನ್ಯವಾಗಿ ದ್ರಾಕ್ಷಿ ಹೂವಿನ ಹಸಿರು ಟೊಪ್ಪಿ ಕಳಚಿದಾಗ ಐದು ಕೇಸರಗಳು ನೆಟ್ಟಗೆ ನಿಂತಿರುತ್ತವೆ. ಅದೇ ಹೂವಿನ ಪರಾಗದಿಂದಲೇ ಕಾಯಿ ಕಚ್ಚುತ್ತದೆ. ಕೇಕ್ನ್ಯೆಲುವಿನಲ್ಲೂ ಕೇಸರಗಳಿವೆ, ಆದರೆ ಅವು ಹಿಂದಕ್ಕೆ ಬಾಗಿರುತ್ತವೆ, ಪರಾಗದಲ್ಲಿ ಸತ್ವವಿಲ್ಲ. ಅಂದರೆ ಅದು ಹೆಣ್ಣು ಹೂವಿನಂತೆಯೇ. ಅಡಿಕೆ ತೋಟದಲ್ಲಿ ಜಾಯಿಕಾಯಿ ಬೆಳೆಸುವವರು ಹತ್ತು ಹೆಣ್ಣು ಮರಕ್ಕೆ ಒಂದಾದರೂ ಗಂಡು ಮರ ಉಳಿಸಿಕೊಳ್ಳುತ್ತಾರಲ್ಲ, ಇಲ್ಲಿಯೂ ಅದೇ ಲೆಕ್ಕ. ಬಾಲಟೋನ್ ಸರೋವರದ ಉತ್ತರ ದಡದಲ್ಲಿ, ಬದಾಚೋನಿಯ ಬಸಾಲ್ಟ್ ಗುಡ್ಡದ ಬೆಳೆಗಾರರು ಇದರ ಸಾಲುಗಳ ನಡುವೆ ‘ಬುಡಾಯಿ ಜೊಲ್ಡ್’ ಎಂಬ ಇನ್ನೊಂದು ಬಿಳಿ ದ್ರಾಕ್ಷಿಯನ್ನು ನೆಡುತ್ತ ಬಂದಿದ್ದಾರೆ. ಈ ಎರಡರ ಸಂಕರದಿಂದ ಬಂದ ‘ರೋಝಾಕೋ’ ತಳಿಯೂ ಪರಾಗ ಕೊಡಲು ಬಳಕೆಯಲ್ಲಿದೆ.

ಜೊತೆ ತಳಿಯಿದ್ದರೆ ಸಾಲದು, ಎರಡೂ ಒಂದೇ ವಾರ ಅರಳಬೇಕು. ಆ ದಿನಗಳಲ್ಲಿ ಮಳೆ ಬಂದರೆ ಪರಾಗ ತೊಳೆದುಹೋಗುತ್ತದೆ. ಆಗ ಹೂ ಉದುರುತ್ತದೆ, ಇಲ್ಲವೇ ಒಂದೇ ಗೊಂಚಲಲ್ಲಿ ನಾಲ್ಕು ದೊಡ್ಡ ಹಣ್ಣು, ಉಳಿದದ್ದೆಲ್ಲ ಬೀಜವಿಲ್ಲದ ಮಿಡಿ. ಇಳುವರಿ ಇಷ್ಟು ನಂಬಿಕೆಗೆಟ್ಟದ್ದಾದ್ದರಿಂದಲೇ ತಳಿ ಅಪರೂಪವಾಯಿತು. ಹಿಂದೆ ಇದನ್ನು ಇಟಲಿಯ ಪಿಕೊಲಿತ್ ದ್ರಾಕ್ಷಿಯೇ ಎಂದು ತಿಳಿದವರಿದ್ದರು. ಡಿಎನ್‌ಎ ಪರೀಕ್ಷೆಯಲ್ಲಿ ಎರಡೂ ಬೇರೆ ಎಂದು ಗೊತ್ತಾಗಿದೆ. ಹೆಸರಿನ ಅರ್ಥ ‘ನೀಲಿ ತೊಟ್ಟಿನದು’. ಎಲೆತೊಟ್ಟಿನ ಬಣ್ಣದಿಂದ ಬಂದದ್ದು.

ಕಡ್ಡಿ ತರಿಸುವ ಯೋಚನೆ ದಯವಿಟ್ಟು ಬಿಡಿ. 2003ರ ಸಸ್ಯ ಕ್ವಾರಂಟೈನ್ ಆದೇಶದ ಪ್ರಕಾರ ಆಮದು ಪರವಾನಗಿ, ಸಸ್ಯ ಆರೋಗ್ಯ ಪ್ರಮಾಣಪತ್ರ ಇಲ್ಲದೆ ಸೂಟ್‌ಕೇಸಿನಲ್ಲಿ ತರುವಂತಿಲ್ಲ. ಒಂದು ಕಡ್ಡಿಯೊಳಗೆ ಬರುವ ವೈರಸ್ ವಿಜಯಪುರದ ತೋಟಗಳವರೆಗೂ ಹೋಗಬಲ್ಲದು. ಹೇಗೋ ಬದುಕಿದರೂ, ಚಳಿಗಾಲದಲ್ಲಿ ಎಲೆ ಉದುರಿಸಿ ಮಲಗುವ ಬಳ್ಳಿಗೆ ಉಡುಪಿಯಲ್ಲಿ ಆ ನಿದ್ದೆ ಸಿಗದು. ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ಮಳೆಗೆ ಬೂಜು ತುಪ್ಪಟ ರೋಗ ಎಲೆಯನ್ನು ಉಳಿಸುವುದಿಲ್ಲ.

ತಾರಸಿಗೆ ದ್ರಾಕ್ಷಿ ಬೇಕೇ ಬೇಕೆಂದರೆ ಬೆಂಗಳೂರು ಬ್ಲೂ ನೆಡಿ. ಒಂದೇ ಬಳ್ಳಿ ಸಾಕು, ರೋಗವನ್ನೂ ಸ್ವಲ್ಪ ತಡೆದುಕೊಳ್ಳುತ್ತದೆ. 60 ಲೀಟರಿನ ಡ್ರಮ್, ತಳದಲ್ಲಿ ತೂತು, ಮಳೆಗಾಲಕ್ಕೆ ಮೇಲೆ ಪಾರದರ್ಶಕ ಶೀಟು. ಏಪ್ರಿಲ್‌ನಲ್ಲಿ ಒಮ್ಮೆ ಚಾಟನಿ (ಬಳ್ಳಿಯ ಕಡ್ಡಿ ಕತ್ತರಿಸುವುದು) ಮಾಡಿ. ಎರಡನೆಯದನ್ನು ಮಳೆ ನಿಂತ ಮೇಲೆ, ಅಕ್ಟೋಬರ್ ಕೊನೆಗೆ ಮಾಡಿದರೆ ಹೂ ಒಣ ಹವೆಯಲ್ಲಿ ಅರಳುತ್ತದೆ.

ಬಾಟಲಿಯನ್ನು ಅಡುಗೆಮನೆಯ ಕಪಾಟಿನಲ್ಲಿ ಇಡಬೇಡಿ, ನಮ್ಮ ಸೆಕೆಗೆ ವೈನ್ ಬೇಗ ಕೆಡುತ್ತದೆ. ಫ್ರಿಜ್‌ನಲ್ಲಿಟ್ಟು, ಕುಡಿಯುವ ಕಾಲು ಗಂಟೆ ಮೊದಲು ಹೊರತೆಗೆಯಿರಿ. ಹುಳಿ ಚುರುಕಾಗಿರುವ ವೈನ್ ಇದು. ಕಾಣೆ ರವಾ ಫ್ರೈಗೆ ಹೊಂದುತ್ತದೆ, ಖಾರದ ಗಸಿಯ ಜೊತೆ ಬೇಡ.