ಅಳತೆಗೋಲು ಕಾಣಿಸುತ್ತಿಲ್ಲ

ಪ್ರಿಯರೇ,

ನಿಮ್ಮ ‘ಅನಂತದ ಅಳತೆ’ ಲೇಖನವನ್ನು ಎರಡು ಸಲ ಓದಿದೆ. ಈಗಿರುವಂತೆ ಪ್ರಕಟಿಸಲಾಗದು. ತಿದ್ದಿ ಕಳಿಸಿದರೆ ಖಂಡಿತ ನೋಡುತ್ತೇನೆ. ಇದು ಸಮಾಧಾನದ ಮಾತಲ್ಲ, ಆಸೆ ಇಲ್ಲದಿದ್ದರೆ ಇಷ್ಟುದ್ದ ಬರೆಯುವ ಪುರುಸೊತ್ತು ನನಗೆಲ್ಲಿ?

ಮೊದಲು ತಪ್ಪು. ‘ಕೋಟಿ ಜ್ಯೋತಿರ್ವರ್ಷಗಳ ಹಿಂದೆ ಹುಟ್ಟಿದ ನಕ್ಷತ್ರಗಳು’ ಎಂದಿದ್ದೀರಿ. ಜ್ಯೋತಿರ್ವರ್ಷವೆಂದರೆ ದೂರ: ಬೆಳಕು ಒಂದು ವರ್ಷದಲ್ಲಿ ಸಾಗುವ ಸುಮಾರು 9.46 ಲಕ್ಷ ಕೋಟಿ ಕಿಲೋಮೀಟರ್. ಹೆಸರಿನಲ್ಲೇ ‘ವರ್ಷ’ ಇರುವುದರಿಂದ ಬಹಳ ಜನ ಎಡವುತ್ತಾರೆ. ಆದರೆ ಅಳತೆಯ ಬಗ್ಗೆ ಬರೆಯುವವರೇ ಎಡವಿದರೆ ಓದುಗ ಮುಂದಿನ ಸಾಲನ್ನು ನಂಬುವುದಿಲ್ಲ.

ನನ್ನ ದೊಡ್ಡ ತಕರಾರು ಬೇರೆ. ಆರು ಪುಟಗಳಲ್ಲಿ ಮೂವತ್ತೊಂದು ಅಂಕಿಗಳಿವೆ (ಎಣಿಸಿದೆ). ಅವನ್ನು ಯಾರು, ಹೇಗೆ ಕಂಡುಕೊಂಡರು ಎಂಬುದು ಒಂದಕ್ಕೂ ಇಲ್ಲ. ‘ಪ್ಯಾರಲ್ಯಾಕ್ಸ್ ವಿಧಾನದಿಂದ ಅಳೆಯುತ್ತಾರೆ’ ಎಂದು ಮುಗಿಸಿಬಿಟ್ಟಿದ್ದೀರಿ. ಓದುಗನಿಗೆ ಕೈ ಚಾಚಿ ಹೆಬ್ಬೆರಳು ಎತ್ತಲು ಹೇಳಿ. ಒಂದು ಕಣ್ಣು, ಆಮೇಲೆ ಇನ್ನೊಂದು ಕಣ್ಣು ಮುಚ್ಚಿದರೆ ಬೆರಳು ಹಿಂದಿನ ಗೋಡೆಯ ಮೇಲೆ ಅತ್ತಿತ್ತ ಜಿಗಿಯುತ್ತದೆ. ಖಗೋಳಜ್ಞರ ಎರಡು ಕಣ್ಣುಗಳೆಂದರೆ ಆರು ತಿಂಗಳ ಅಂತರದಲ್ಲಿ ಭೂಮಿ ಇರುವ ಎರಡು ಜಾಗ. ನಡುವೆ ಸುಮಾರು 30 ಕೋಟಿ ಕಿಲೋಮೀಟರ್. ಅಷ್ಟಿದ್ದರೂ 1838ರಲ್ಲಿ ಜರ್ಮನ್ ಖಗೋಳಜ್ಞ ಬೆಸೆಲ್ ‘61 ಸಿಗ್ನಿ’ ನಕ್ಷತ್ರಕ್ಕೆ ಅಳೆದ ಜಿಗಿತದ ಕೋನ ಒಂದು ಡಿಗ್ರಿಯ ಐದು ಸಾವಿರದಲ್ಲೊಂದು ಪಾಲಿಗಿಂತಲೂ ಕಡಿಮೆ! ಅದರಿಂದ ಅವರು ತೆಗೆದ ದೂರ ಸುಮಾರು 10.3 ಜ್ಯೋತಿರ್ವರ್ಷ, ಇಂದಿನ ಲೆಕ್ಕ 11.4. ನಿಮ್ಮ ಎಲ್ಲ ಸೊನ್ನೆಗಳಿಗಿಂತ ನನಗೆ ಈ ಒಂದು ಅಂಕಿ ರುಚಿಸುತ್ತದೆ.

ಧ್ರುವನನ್ನು ಮೂರು ಕಡೆ ‘ಅಚಲ’ ಎಂದಿದ್ದೀರಿ. ಪಾಪ, ಅದು ಸುಮಾರು ನಾಲ್ಕು ದಿನಕ್ಕೊಮ್ಮೆ ತುಸು ಮಂಕಾಗಿ ಮತ್ತೆ ಬೆಳಗುವ ಸೆಫೀಡ್ ಜಾತಿಯದು. ನಿಮ್ಮ ಲೇಖನದ ಜೀವ ಇಲ್ಲೇ ಇತ್ತು. ಹಾರ್ವರ್ಡ್ ವೀಕ್ಷಣಾಲಯದ ಹೆನ್ರಿಯೆಟಾ ಲೆವಿಟ್ 1912ರಲ್ಲಿ ಕಿರಿಯ ಮೆಗಲಾನಿಕ್ ಮೋಡ ಎಂಬ ನೆರೆಯ ಪುಟ್ಟ ಗೆಲಾಕ್ಸಿಯ ಇಂಥ 25 ನಕ್ಷತ್ರಗಳನ್ನು ಹೋಲಿಸಿ, ಪ್ರಕಾಶ ಹೆಚ್ಚಿದಷ್ಟೂ ಮಿಡಿತ ನಿಧಾನ ಎಂದು ತೋರಿಸಿದರು. ಅಂದರೆ ಗಡಿಯಾರ ಹಿಡಿದು ಮಿಡಿತ ಎಣಿಸಿದರೆ ನಕ್ಷತ್ರದ ನಿಜವಾದ ಪ್ರಕಾಶ ಗೊತ್ತಾಗುತ್ತದೆ. ಅದು ನಮಗೆಷ್ಟು ಮಂಕಾಗಿ ಕಾಣುತ್ತದೆಂದು ನೋಡಿದರೆ ದೂರ ಸಿಗುತ್ತದೆ. 1923ರಲ್ಲಿ ಅಮೆರಿಕದ ಖಗೋಳಜ್ಞ ಹಬಲ್ ಆಂಡ್ರೊಮಿಡಾ ಗೆಲಾಕ್ಸಿಯಲ್ಲಿ ಇಂಥದ್ದೊಂದನ್ನು ಹಿಡಿದರು. ಅವರ ಲೆಕ್ಕ ಸುಮಾರು 9 ಲಕ್ಷ ಜ್ಯೋತಿರ್ವರ್ಷ, ಇಂದಿನದು 25 ಲಕ್ಷ. ಸೆಫೀಡ್‌ಗಳಲ್ಲಿ ಎರಡು ಬಗೆ ಇವೆಯೆಂದು ಖಗೋಳಜ್ಞ ವಾಲ್ಟರ್ ಬಾಡೆ 1952ರಲ್ಲಿ ಹೇಳಿದ ಮೇಲೆ ದೂರ ಒಂದೇ ಏಟಿಗೆ ದುಪ್ಪಟ್ಟಾಯಿತು. ಇಂಥ ಎಡವಟ್ಟುಗಳನ್ನೂ ಬರೆಯಿರಿ, ಮುಚ್ಚಿಡಬೇಡಿ.

ಕೊನೆಯ ಪುಟದ ‘ಬ್ರಹ್ಮಾಂಡದ ಮುಂದೆ ಮನುಷ್ಯ ಧೂಳಿನ ಕಣ’ ಪೂರ್ತಿ ಹೋಗಲಿ. ಈ ಮೇಜಿನ ಮೇಲೆ ಅಂಥ ಧೂಳು ಸಾಕಷ್ಟಿದೆ.

ಎರಡನೇ ಪುಟದಲ್ಲಿ ನಿಮ್ಮ ಅಜ್ಜಿ ಬರುತ್ತಾರೆ. ಶಿವರಾತ್ರಿಯ ಜಾಗರಣೆಗೆ ಮಾಳಿಗೆ ಹತ್ತಿ, ರೋಹಿಣಿಯನ್ನು ತೋರಿಸಿ, ‘ರೋಹಿಣಿ ಮಳೆ ಆದ್ರೆ ಓಣಿಯೆಲ್ಲ ಜೋಳ’ ಅನ್ನುತ್ತಾರೆ. ನಾಲ್ಕೇ ಸಾಲಿಗೆ ಅವರನ್ನು ಕೆಳಗಿಳಿಸಿಬಿಟ್ಟಿರಲ್ಲ! ರೋಹಿಣಿ ಇರುವುದು ಸುಮಾರು 65 ಜ್ಯೋತಿರ್ವರ್ಷ ದೂರದಲ್ಲಿ. ಆ ರಾತ್ರಿ ನಿಮ್ಮಿಬ್ಬರ ಕಣ್ಣಿಗೆ ಬಿದ್ದ ಬೆಳಕು ಅಲ್ಲಿಂದ ಹೊರಟಾಗ ಅಜ್ಜಿಗೆ ಎಷ್ಟು ವಯಸ್ಸು? ಲೆಕ್ಕ ಹಾಕಿ, ಅಲ್ಲಿಂದಲೇ ಶುರು ಮಾಡಿ. ನಾಲ್ಕು ಪುಟ ಮೀರದಿರಲಿ.

ಇಂತಿ,
ಸಂಪಾದಕ