ಹದಿನೇಳು ಹಾಡುಗಳಿವೆ, ಆಲ್ಬಮ್ ಮಾತ್ರ ಮುಗಿಯುತ್ತಿಲ್ಲ

ಪ್ರಶ್ನೆ: ನನಗೆ 27 ವರ್ಷ. ಕೆಲಸದ ನಡುವೆಯೇ ಹಾಡು ಬರೆದು, ರಾಗ ಹಾಕಿ, ಗಿಟಾರ್ ಹಿಡಿದು ಹಾಡುತ್ತೇನೆ. 17 ಹಾಡುಗಳಾಗಿವೆ. ಎರಡು ವರ್ಷದಿಂದ ಮನೆಯಲ್ಲೇ ರೆಕಾರ್ಡ್ ಮಾಡುತ್ತಿದ್ದೇನೆ. ನಿನ್ನೆ ಚೆನ್ನಾಗಿದೆ ಅನ್ನಿಸಿದ್ದು ಇವತ್ತು ಕೇಳಿದರೆ ಬೇಸರವಾಗಿ, ಮತ್ತೆ ಮೊದಲಿಂದ ಶುರು. ಈಗ ಒಂದು ಸ್ಟುಡಿಯೋದವರು ‘ದುಡ್ಡು ಬೇಡ, ಇಡೀ ಆಲ್ಬಮ್ ನಾವೇ ಮಾಡಿಕೊಡ್ತೀವಿ, ಮಾಸ್ಟರ್, ಅಂದರೆ ಕೊನೆಯ ಧ್ವನಿಮುದ್ರಣ, ನಮ್ಮ ಹೆಸರಲ್ಲಿರಲಿ’ ಎನ್ನುತ್ತಿದ್ದಾರೆ. ಮೊದಲಿಂದಲೂ ನನ್ನ ಜೊತೆ ನುಡಿಸುತ್ತಿರುವ ಗೆಳತಿಯ ಹತ್ತಿರ ಪಾಲಿನ ಮಾತೆತ್ತಿದರೆ ‘ನಮ್ಮಿಬ್ಬರ ನಡುವೆ ಲೆಕ್ಕವಾ?’ ಎಂದು ಮುನಿಸಿಕೊಂಡಿದ್ದಾಳೆ. ಸಹಿ ಹಾಕಲೇ? ಅಥವಾ ಇದು ನನ್ನ ಕೈಲಿ ಆಗದ ಕೆಲಸವೇ?

ಉತ್ತರ: ಈಗಲೇ ಸಹಿ ಹಾಕಬೇಡಿ. ನಿಮ್ಮ ಕೈಲಿ ಆಗದ ಕೆಲಸ ಇದಲ್ಲ. ಬರೆಯುವುದು, ವಾದ್ಯ ಜೋಡಿಸುವುದು, ಹಾಡುವುದು, ಎಲ್ಲ ಸದ್ದನ್ನೂ ಹದವಾಗಿ ಬೆರೆಸಿ ಮಿಕ್ಸ್ ಮಾಡುವುದು, ಈ ನಾಲ್ಕನ್ನೂ ಒಂದೇ ಕೂತಲ್ಲಿ ಮಾಡುತ್ತಿದ್ದೀರಿ. ಎರಡನೇ ಚರಣ ಇನ್ನೂ ಗಟ್ಟಿಯಾಗದ ಹಾಡಿಗೆ ರಿವರ್ಬ್ (ಮಾರ್ದನಿಯ ಪರಿಣಾಮ) ಸರಿಮಾಡುತ್ತಾ ಕೂತರೆ ಅದು ಎಂದೂ ಹಿಡಿಸುವುದಿಲ್ಲ. ಕೊರತೆ ಹಾಡಿನಲ್ಲಿದೆ, ನೀವು ಹುಡುಕುತ್ತಿರುವುದು ಸದ್ದಿನಲ್ಲಿ.

ಕಂಪ್ಯೂಟರ್ ಮುಚ್ಚಿಡಿ. ಎರಡು ಸಂಜೆ ಕೂತು, ಬರೀ ಫೋನ್ ಮುಂದಿಟ್ಟು, ಗಿಟಾರ್ ಮತ್ತು ಗಂಟಲಿನಿಂದ 17 ಹಾಡನ್ನೂ ಒಂದೊಂದೇ ಸಲ ಹಾಡಿ ಮುಗಿಸಿ. ತಪ್ಪಾದರೂ ನಿಲ್ಲಿಸಬೇಡಿ. ಹತ್ತು ದಿನ ಅದರ ತಂಟೆಗೆ ಹೋಗಬೇಡಿ. ಆಮೇಲೆ ಸಾಹಿತ್ಯದ ಹಾಳೆ ಹಿಡಿದು ಕೇಳಿ, ಗಮನ ಎಲ್ಲಿ ಜಾರಿತೋ ಅಲ್ಲೊಂದು ಗೆರೆ ಎಳೆಯಿರಿ. ಗೆರೆ ಹೆಚ್ಚಾಗಿ ಬೀಳುವುದು ಎರಡನೇ ಚರಣದಲ್ಲೇ. ಮೊದಲನೆಯದು ಹೇಳಿದ್ದನ್ನೇ ಅದು ಬೇರೆ ಪದಗಳಲ್ಲಿ ಹೇಳುತ್ತಿರುತ್ತದೆ. ಬರಿಗಿಟಾರಿನಲ್ಲಿ ನಿಲ್ಲುವ ಎಂಟೊಂಬತ್ತು ಹಾಡು ಸಿಕ್ಕರೆ ಆಲ್ಬಮ್ ಆಯಿತು; ಮೂವತ್ತರಿಂದ ನಲವತ್ತು ನಿಮಿಷ ಧಾರಾಳ. ನಾಲ್ಕೈದೇ ಸಿಕ್ಕರೆ ಇಪಿ, ಅಂದರೆ ಕಿರು ಆಲ್ಬಮ್, ಮಾಡಿ, ಅದರಲ್ಲಿ ಕಡಿಮೆಯೇನಿಲ್ಲ.

ಆಯ್ದ ಹಾಡುಗಳಿಗೆ ತಲಾ ಒಂದು ಹಾಳೆ ಇಟ್ಟು ಶ್ರುತಿ, ವೇಗ, ಪಲ್ಲವಿ-ಚರಣಗಳ ಕ್ರಮ ಬರೆಯಿರಿ. ರಾತ್ರಿ ಮೆಲ್ಲಗೆ ಗುನುಗುತ್ತಾ ಬರೆದ ಹಾಡುಗಳ ಶ್ರುತಿ ಸಾಮಾನ್ಯವಾಗಿ ತಗ್ಗಿನಲ್ಲಿರುತ್ತದೆ, ಮೈಕ್ ಮುಂದೆ ನಿಂತಾಗ ದನಿ ಏಳುವುದಿಲ್ಲ. ಕೇಪೊ (ತಂತಿಗಳನ್ನು ಒತ್ತಿಹಿಡಿದು ಶ್ರುತಿ ಏರಿಸುವ ಕ್ಲಿಪ್) ಹಾಕಿ ಒಂದು ಮನೆ (ಫ್ರೆಟ್), ಎರಡು ಮನೆ ಏರಿಸಿ ನೋಡಿ. ಅತಿ ಎತ್ತರದ ಸ್ವರವನ್ನು ಗಂಟಲು ಸರಿಯಿಲ್ಲದ ದಿನವೂ ಹತ್ತು ಸಲ ಮುಟ್ಟಲು ಆಗಬೇಕು, ಅದೇ ಅಳತೆ. ವೇಗವನ್ನು 84, 87, 90 ಬಿಪಿಎಂನಲ್ಲಿ (ನಿಮಿಷಕ್ಕೆ ಅಷ್ಟು ಬಡಿತ) ಹಾಡಿ ಹೋಲಿಸಿ. ಮೂರು ಬಿಪಿಎಂ ವ್ಯತ್ಯಾಸಕ್ಕೇ ಉಸಿರು ತೆಗೆಯುವ ಜಾಗ ಬದಲಾಗುತ್ತದೆ. ಹಾಳೆ ತುಂಬಿದ ಮೇಲೆ ಹಾಡನ್ನು ತಿದ್ದಲು ಕೈ ಹಾಕಕೂಡದು. ಈ ಒಂದು ಕಟ್ಟುನಿಟ್ಟು ನಿಮ್ಮ ಮುಂದಿನ ಎರಡು ವರ್ಷವನ್ನು ಉಳಿಸುತ್ತದೆ.

ಇನ್ನು ಮನೆಯ ರೆಕಾರ್ಡಿಂಗ್. ಖಾಲಿ ಗೋಡೆಯ ಮಾರ್ದನಿ ಒಮ್ಮೆ ದನಿಯೊಳಗೆ ಸೇರಿದರೆ ಆಮೇಲೆ ಪೂರ್ತಿ ತೆಗೆಯಲಾಗದು. ಹಾಡಲು ಬಳಸುವ ಕಾರ್ಡಿಯಾಯ್ಡ್ ಮೈಕ್ ತನ್ನ ಎದುರಿನ ಸದ್ದನ್ನು ಹೆಚ್ಚು ಹಿಡಿಯುತ್ತದೆ. ಆದ್ದರಿಂದ ದಪ್ಪ ಕಂಬಳಿ ಇಳಿಬಿಡಬೇಕಾದ್ದು ನಿಮ್ಮ ಬೆನ್ನ ಹಿಂದೆ; ಬಹಳ ಜನ ಮೈಕಿನ ಹಿಂದೆ ಮಾತ್ರ ಕಟ್ಟಿ ಸುಮ್ಮನಾಗುತ್ತಾರೆ. ಬಾಯಿಗೂ ಮೈಕಿಗೂ ಒಂದು ಗೇಣು ಅಂತರ, ನಡುವೆ ಉಸಿರಿನ ಹೊಡೆತ ತಡೆಯುವ ಪಾಪ್ ಫಿಲ್ಟರ್. ರೆಕಾರ್ಡಿಂಗ್ ಗುಣಮಟ್ಟ 24 ಬಿಟ್, 48 ಕಿಲೋಹರ್ಟ್ಸ್ ಸಾಕು. ಅತಿ ಜೋರಿನ ಸಾಲಿನಲ್ಲೂ ಮೀಟರ್ ಮೈನಸ್ 10 ಡೆಸಿಬೆಲ್ ಆಸುಪಾಸು ನಿಲ್ಲುವಂತೆ ಗೇನ್ (ಮೈಕಿನ ಸದ್ದು ಒಳಬರುವ ಮಟ್ಟ) ಇಡಿ. ಕಡಿಮೆಯಾದದ್ದನ್ನು ಏರಿಸಿಕೊಳ್ಳಬಹುದು, ಒಡೆದ ದನಿಯನ್ನು ಸರಿಮಾಡುವುದು ಕಷ್ಟ. ಗಿಟಾರಿಗೆ ಮೈಕ್ ಇಡಬೇಕಾದ್ದು 12ನೇ ಫ್ರೆಟ್‌ನ ಎದುರು, ಒಂದು ಗೇಣು ದೂರದಲ್ಲಿ. ತೂತಿನ ಎದುರಿಟ್ಟರೆ ಗುಂಯ್‌ಗುಡುತ್ತದೆ. ತಂತಿಗಳನ್ನು ಹಿಂದಿನ ದಿನವೇ ಬದಲಿಸಿ, ಪ್ರತಿ ಟೇಕಿಗೂ ಮುನ್ನ ಶ್ರುತಿ ನೋಡಿ.

ಮೊದಲು ಕ್ಲಿಕ್ (ಲಯ ತೋರುವ ಟಿಕ್ ಟಿಕ್ ಸದ್ದು) ಜೊತೆ ಗೈಡ್ ಟ್ರ್ಯಾಕ್ (ದಾರಿ ತೋರಲು ಹಾಡಿಕೊಂಡ ಕಚ್ಚಾ ಟೇಕ್), ಆಮೇಲೆ ಗಿಟಾರ್, ಕೊನೆಗೆ ಕಂಠ. ಹಾಡುವಾಗ ನಿಮ್ಮ ದನಿ ಹೆಡ್‌ಫೋನಿನಲ್ಲಿ ತಡವಾಗಿ ಕೇಳಿದರೆ ಲಯ ಎಳೆಯುತ್ತದೆ. ಮೈಕನ್ನು ಕಂಪ್ಯೂಟರಿಗೆ ಜೋಡಿಸುವ ಇಂಟರ್‌ಫೇಸಿನ ಡೈರೆಕ್ಟ್ ಮಾನಿಟರಿಂಗ್ (ಕಂಪ್ಯೂಟರ್ ಹೊಕ್ಕದೆ ದನಿ ನೇರವಾಗಿ ಕೇಳುವ ಸೌಲಭ್ಯ) ಬಳಸಿ, ಅದಿಲ್ಲದಿದ್ದರೆ ರೆಕಾರ್ಡಿಂಗ್ ತಂತ್ರಾಂಶದಲ್ಲಿ ಬಫರ್ ಅನ್ನು 128ಕ್ಕೋ 64ಕ್ಕೋ ಇಳಿಸಿ. ಹಾಡು ಮೆಲ್ಲಗಾಗುವ ಕೊನೆಯ ಸಾಲಿನಲ್ಲಿ ಕ್ಲಿಕ್ ಸದ್ದು ತಗ್ಗಿಸಿ, ಇಲ್ಲದಿದ್ದರೆ ಹೆಡ್‌ಫೋನಿನಿಂದ ಸೋರಿ ಮೈಕ್ ಸೇರುತ್ತದೆ. ಪೂರ್ತಿ ಹಾಡು ಐದು ಸಲ, ಅಷ್ಟೇ. ಮರುದಿನ ಬೆಳಿಗ್ಗೆ ಕೂತು ಸಾಲುಸಾಲಾಗಿ ಒಳ್ಳೆಯದನ್ನು ಆರಿಸಿ ಜೋಡಿಸಿ. ನಲವತ್ತನೇ ಟೇಕಿಗೆ ಸ್ವರ ಸರಿಯಿರಬಹುದು, ಭಾವ ಹೊರಟುಹೋಗಿರುತ್ತದೆ.

ನಿನ್ನೆ ಚೆನ್ನ, ಇವತ್ತು ಬೇಸರ ಎಂದಿರಲ್ಲ, ಅದರಲ್ಲಿ ಅರ್ಧ ಕಿವಿಯ ದಣಿವು. ಗಂಟೆಗಟ್ಟಲೆ ಜೋರಾಗಿ ಕೇಳಿದ ಕಿವಿಗೆ ಎತ್ತರದ, ಚೂಪಾದ ಸದ್ದುಗಳು ಮಂಕಾಗುತ್ತವೆ. ಆಗ ಟ್ರೆಬಲ್ ಏರಿಸುತ್ತೀರಿ, ಬೆಳಿಗ್ಗೆ ಕರ್ಕಶವೆನಿಸುತ್ತದೆ. ಉಳಿದರ್ಧ ಸದ್ದಿನ ಮಟ್ಟದ ಮೋಸ: ಜೋರಾಗಿರುವುದೇ ಚೆನ್ನಾಗಿ ಕೇಳುತ್ತದೆ. ನಿಮ್ಮದನ್ನು ಇನ್ನೊಬ್ಬರ ಹಾಡಿಗೆ ಹೋಲಿಸುವಾಗ ಎರಡನ್ನೂ ಒಂದೇ ಮಟ್ಟಕ್ಕೆ ತಂದು ಕೇಳಿ. ಮಿಕ್ಸಿಂಗನ್ನಂತೂ ಈ ಹಾಡುಗಳನ್ನು ಹಿಂದೆ ಕೇಳಿರದ ಒಬ್ಬರಿಗೆ ಕೊಡಿ. ತಿದ್ದುಪಡಿ ಮೂರೇ ಸುತ್ತು ಎಂದು ಮೊದಲೇ ಒಪ್ಪಿಕೊಂಡು, ‘1 ನಿಮಿಷ 42 ಸೆಕೆಂಡಿನಲ್ಲಿ ದನಿ ಮುಳುಗುತ್ತಿದೆ’ ಎಂಬಂತೆ ಬರೆದು ಕಳಿಸಿ. ಮಾಸ್ಟರಿಂಗಿನಲ್ಲಿ (ಮಿಕ್ಸ್ ಆದ ಹಾಡಿಗೆ ಕೊನೆಯ ಹದ ಕೊಡುವಾಗ) ಜೋರಿಗಾಗಿ ಹಾಡಿನ ಮೆಲುದನಿ-ಜೋರುದನಿಗಳ ಅಂತರವನ್ನು ಹಿಂಡಿಸಬೇಡಿ. ಸ್ಪಾಟಿಫೈ ಸಾಮಾನ್ಯವಾಗಿ ಎಲ್ಲವನ್ನೂ, ಸದ್ದಿನ ಜೋರಿನ ಅಳತೆಯಲ್ಲಿ, ಮೈನಸ್ 14 ಎಲ್‌ಯುಎಫ್‌ಎಸ್ ಮಟ್ಟಕ್ಕೆ ತಂದು ನುಡಿಸುವುದರಿಂದ ಹಿಂಡಿದ ಹಾಡು ಅಲ್ಲಿ ಸಪ್ಪೆಯಾಗುತ್ತದೆ.

ಬಿಡುಗಡೆಗೆ ಕನಿಷ್ಠ ನಾಲ್ಕು ವಾರ ಮೊದಲೇ, ಹಾಡನ್ನು ಸ್ಪಾಟಿಫೈಯಂಥ ಕಡೆಗೆ ತಲುಪಿಸುವ ವಿತರಣಾ ಸೇವೆಗೆ ಫೈಲ್ ಏರಿಸಿ. ಸ್ಪಾಟಿಫೈನ ಪ್ಲೇಲಿಸ್ಟ್ ಸಂಪಾದಕರಿಗೆ ಒಂದು ಹಾಡನ್ನು ಸೂಚಿಸಲು ಏಳು ದಿನವಾದರೂ ಮುಂಚಿತವಾಗಿರಬೇಕು. ಮೊದಲು ಸಿಂಗಲ್ ಆಗಿ ಬಿಟ್ಟ ಹಾಡನ್ನು ಆಲ್ಬಮ್ಮಿಗೆ ಸೇರಿಸುವಾಗ ಆ ಧ್ವನಿಮುದ್ರಣದ ಗುರುತಾದ 12 ಅಕ್ಷರ-ಅಂಕಿಗಳ ಐಎಸ್‌ಆರ್‌ಸಿ ಸಂಖ್ಯೆಯನ್ನೇ ಉಳಿಸಿಕೊಳ್ಳಿ.

ಈಗ ಸ್ಟುಡಿಯೋದವರ ಮಾತು. ಹಾಡಿಗೆ ಎರಡು ಹಕ್ಕುಗಳಿವೆ: ಸಾಹಿತ್ಯ ಮತ್ತು ರಾಗದ್ದು ಒಂದು, ಆ ಧ್ವನಿಮುದ್ರಣದ್ದು ಇನ್ನೊಂದು. ಮಾಸ್ಟರ್ ಅವರ ಹೆಸರಿಗೆ ಎಂದರೆ ಎರಡನೆಯದು ಅವರದ್ದು. ನಾಳೆ ಯಾರಾದರೂ ಆ ರೆಕಾರ್ಡಿಂಗ್ ಬಳಸಬೇಕೆಂದರೆ ಕೇಳುವುದು ಅವರನ್ನು, ನಿಮ್ಮನ್ನಲ್ಲ. ಉಚಿತ ಎನ್ನುವುದಕ್ಕೆ ಇದು ದೊಡ್ಡ ಬೆಲೆ. ಕರಾರು ಬರವಣಿಗೆಯಲ್ಲಿ ಕೇಳಿ. ಹಕ್ಕು ಎಷ್ಟು ವರ್ಷಕ್ಕೆ, ನಿಮ್ಮ ಪಾಲು ಕೊಡುವ ಮುನ್ನ ಯಾವ ಖರ್ಚು ಮುರಿದುಕೊಳ್ಳುತ್ತಾರೆ, ಮುಂದಿನ ಆಲ್ಬಮ್‌ಗಳೂ ಇದರಲ್ಲಿ ಸೇರಿವೆಯೇ, ಬಿಡುಗಡೆಯನ್ನೇ ಮಾಡದೆ ಇಟ್ಟುಕೊಂಡರೆ ಗತಿಯೇನು, ಇವಿಷ್ಟನ್ನು ಹುಡುಕಿ. ಸಾಹಿತ್ಯ-ರಾಗದ ಹಕ್ಕನ್ನೂ ಒಳಗೆ ತೂರಿಸಿದ್ದರೆ ಅಲ್ಲಿಗೇ ಬಿಟ್ಟುಬಿಡಿ. ನೀವು ಇಡಬಹುದಾದ ಮಾತು: ಮಾಸ್ಟರ್ ನಿಮ್ಮದೇ, ಅವರ ಖರ್ಚು ತೀರುವವರೆಗೆ ಆದಾಯದಲ್ಲಿ ದೊಡ್ಡ ಪಾಲು ಅವರಿಗೆ, ಅಥವಾ ಐದು ವರ್ಷದ ಪರವಾನಗಿ, ಆಮೇಲೆ ವಾಪಸು. ಅದಕ್ಕೂ ಮುಂಚೆ ಶುಲ್ಕ ಕೊಟ್ಟು ಒಂದೇ ಹಾಡು ಮಾಡಿಸಿ ನೋಡಿ, ಕೈಗುಣ ಗೊತ್ತಾಗುತ್ತದೆ. ಸಹಿಗೆ ಮುನ್ನ ಸಂಗೀತದ ಕರಾರು ಬಲ್ಲ ವಕೀಲರಿಗೆ ತೋರಿಸಲೇಬೇಕು.

ನಿಮ್ಮ ಗೆಳತಿ ನೊಂದಿರುವುದು ಪಾಲಿಗಲ್ಲ, ಮಾತು ದುಡ್ಡಿನಿಂದ ಶುರುವಾದದ್ದಕ್ಕೆ ಅನ್ನಿಸುತ್ತದೆ. ಹಾಗೆಂದು ಬಿಡುವಂತಿಲ್ಲ. ಯಾವ ಸಾಲು ಯಾರದು ಎಂಬುದು ಮೂರು ವರ್ಷ ಕಳೆದರೆ ಇಬ್ಬರಿಗೂ ಬೇರೆಬೇರೆಯಾಗಿ ನೆನಪಿರುತ್ತದೆ. ಗಿಟಾರ್ ನುಡಿಸಿದ್ದು ಬೇರೆ, ರಾಗ ಕಟ್ಟಿದ್ದು ಬೇರೆ. ಅವಳು ಹುಟ್ಟಿಸಿದ ಒಂದು ತುಣುಕೇ ಹಾಡಿನ ಗುರುತಾಗಿದ್ದರೆ ಅದಕ್ಕೆ ರಚನೆಯಲ್ಲೇ ಪಾಲು ಕೊಡುವುದು ನ್ಯಾಯ. ಫೋನ್ ಮುಂದೆ ಹಾಡುವ ಆ ಎರಡು ಸಂಜೆಗೆ ಅವಳನ್ನೇ ಕರೆಯಿರಿ. ‘ನಾನು ಮರೆತರೂ ನಿನ್ನ ಹೆಸರು ಅಳಿಸಿಹೋಗಬಾರದು ಕಣೇ, ಅದಕ್ಕೇ ಬರೆದಿಡೋಣ’ ಎನ್ನಿ. ಪ್ರತಿ ಹಾಡು ಮುಗಿದ ಕೂಡಲೇ ಒಂದು ಹಾಳೆಯಲ್ಲಿ ಹಾಡಿನ ಹೆಸರು, ಸಾಹಿತ್ಯ ಯಾರದು, ರಾಗ ಯಾರದು, ಒಟ್ಟು ನೂರಾಗುವಂತೆ ಇಬ್ಬರ ಪಾಲು, ತಾರೀಕು, ಎರಡು ಸಹಿ. ಇನ್ನೂ ಒಂದು ಪೈಸೆ ಹುಟ್ಟದ ಈ ಹೊತ್ತಿನಲ್ಲಿ ಅದು ಐದು ನಿಮಿಷದ ಕೆಲಸ.