ಮಣಿಕಟ್ಟಿಗೆ ಸೊಂಟದ ಎಲುಬು ಯಾಕೆ?
ಶಿರಸಿಯ ತೋಟದ ಸಂಕದಲ್ಲಿ ಜಾರಿ ಕೈಯೂರಿ ಬಿದ್ದ ನಿಮ್ಮ ತಮ್ಮನ ಮಣಿಕಟ್ಟಿನ ಸ್ಕೇಫಾಯ್ಡ್ ಎಲುಬು ಮುರಿದು 7 ತಿಂಗಳಾದರೂ ಕೂಡಿಲ್ಲ, ಸೊಂಟದ ಎಲುಬು ತೆಗೆದು ಹಾಕಲೇಬೇಕಾ ಎಂದು ಕೇಳಿದ್ದೀರಿ. ಇಷ್ಟು ದಿನವಾದ ಮೇಲೆ ಬರೀ ಪ್ಲಾಸ್ಟರನ್ನು ನಂಬಿ ಕೂರುವುದು ದಂಡ. ಗೋಡಂಬಿಯಂಥ ಈ ಪುಟ್ಟ ಎಲುಬಿಗೆ ರಕ್ತ ಹೆಚ್ಚಾಗಿ ಬೆರಳಿನ ಕಡೆಯಿಂದ ಹಿಮ್ಮುಖವಾಗಿ ಬರುತ್ತದೆ. ನಡುವೆ ಮುರಿದರೆ ಮುಂಗೈ ಕಡೆಯ ತುಂಡು ಸೊರಗುತ್ತದೆ. ಬಿರುಕಿನಲ್ಲಿ ತುಂಬಿಕೊಂಡ ನಾರನ್ನು ರಕ್ತ ಜಿನುಗುವ ತನಕ ಕೆರೆದು, ಹೊಸ ಎಲುಬು ತುಂಬಿ, ತಲೆಯಿಲ್ಲದ ಸ್ಕ್ರೂ ಬಿಗಿಯುತ್ತಾರೆ. ಚಿಕ್ಕ ಸಂದಾದರೆ ಆ ಎಲುಬನ್ನು ಮುಂಗೈಯಿಂದಲೇ ತೆಗೆಯಬಹುದು. ಸ್ಕೇಫಾಯ್ಡ್ ಗೂನಾಗಿ ಬಾಗಿದ್ದರೆ ಬೆಣೆಯಂಥ ಗಟ್ಟಿ ತುಂಡು ಬೇಕು, ಅದಕ್ಕೇ ಸೊಂಟ. ಸೊರಗಿದ ತುಂಡಿಗೆ ಜೀವವಿದೆಯಾ ನೋಡಲು ಎಂಆರ್‌ಐ ಆಗಿದೆಯಾ ಕೇಳಿ. ತುಂಡು ಸತ್ತಿದ್ದರೆ ರಕ್ತನಾಳ ಸಮೇತ ಎಲುಬು ಕೂರಿಸುವುದುಂಟು. ಕೂಡಿತೋ ಇಲ್ಲವೋ ಎಂಬುದಕ್ಕೆ ಎಕ್ಸ್‌ರೇ ಮೋಸಮಾಡುತ್ತದೆ, ಸಿಟಿ ಸ್ಕ್ಯಾನೇ ಸರಿ. ಬೀಡಿ, ಕವಳದ ತಂಬಾಕು ಇವತ್ತೇ ಬಂದ್. ಅಡಿಕೆ ಕೊನೆಕೊಯ್ಲು ಬಂತೆಂದು ಅವನನ್ನು ಮರ ಹತ್ತಿಸಬೇಡಿ ಮಾರಾಯ್ರೆ.